ಇಸಾರದ ಮೊಗ್ಗು: ಫೋಂಡಾದ ಒಂದು ಅಣಬೆ ವ್ಯಾಪಾರದ ಪ್ರಕರಣ ಅಧ್ಯಯನ

2024ರ ಜೂನ್ 30, ಭಾನುವಾರ. ಗೋವಾದ ಫೋಂಡಾದಲ್ಲಿ ಒಂದು ಚಾಳಿನ ವರಾಂಡ. ಹದಿನಾಲ್ಕು ಹೆಂಗಸರ ಸ್ವಸಹಾಯ ಸಂಘದ ಸಭೆ. ಎಲ್ಲರೂ ಹಾವೇರಿ, ಗದಗ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದು ಇಲ್ಲೇ ಬೇರೂರಿದವರು. ಅವರ ನಡುವೆ ಲೆಕ್ಕ ಬರೆಯುವ ಗಂಡಸು ನಾನೊಬ್ಬನೇ. ತಗಡಿನ ಮೇಲೆ ಆರಿದ್ರಾ ಮಳೆ ಬೀಳುವ ಸದ್ದಿಗೆ ಯಾರು ಎಷ್ಟು ಸಾಲ ಕೇಳಿದರು ಎಂಬುದನ್ನು ಎರಡೆರಡು ಸಲ ಕೂಗಿ ಹೇಳಿಸಿಕೊಳ್ಳಬೇಕಾಯಿತು. ಮಾರ್ಕೆಟ್ಟಿನ ಹೊರಗೆ ತರಕಾರಿ ಮಾರುವ ಅಕ್ಕ 15,000 ರೂಪಾಯಿ ಕೇಳಿದರು.

"ಯಾತಕ್ಕೆ ಅಕ್ಕಾ?"

"ಅಣಬಿಗೆ ರೀ ಸರ."

ನಾನು ನಕ್ಕೆ. ನನ್ನ ಪಾಲಿಗೆ ಅಣಬೆ ಎಂದರೆ ಒಂದೋ ಊರ ತಿಪ್ಪೆಯ ಮೇಲಿನ ನಾಯಿಕೊಡೆ, ಇಲ್ಲವೇ ಅಂಗಡಿಯ ಫ್ರಿಜ್ಜಿನಲ್ಲಿ ಪ್ಲಾಸ್ಟಿಕ್ ಸುತ್ತಿ ಇಟ್ಟ ಬಿಳಿ ಗುಂಡಿ. ಅದಕ್ಕೆ ಹದಿನೈದು ಸಾವಿರ ಸಾಲವೇ? ಉಳಿದ ಹೆಂಗಸರು ಯಾರೂ ನಗಲಿಲ್ಲ. ಅವರಿಗೆ ಗೊತ್ತಿತ್ತು. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ, ಆಗಸ್ಟ್ 31ರೊಳಗೆ ಪೂರ್ತಿ ತೀರಿಸಬೇಕು ಎಂಬ ಷರತ್ತಿನ ಮೇಲೆ ಸಾಲ ಮಂಜೂರಾಯಿತು. ಆ ಗಡುವನ್ನು ಬರೆದವನು ನಾನೇ. ಈ ಪ್ರಕರಣದಲ್ಲಿ ಮುಂದೆ ಆದದ್ದಕ್ಕೂ ಆ ಒಂದು ಸಾಲಿಗೂ ಇರುವ ಸಂಬಂಧ ನನಗೆ ಕಾಣಲು ಮೂರು ವಾರ ಬೇಕಾಯಿತು.

ಅಕ್ಕ ತಮ್ಮ ಹೆಸರು ಬೇಡ ಎಂದಿದ್ದಾರೆ. ಆದ್ದರಿಂದ ಇಲ್ಲಿ ಅವರು ಅಕ್ಕ, ಅಷ್ಟೇ. ಅವರಿಗೆ ಅಣಬೆ ತಂದುಕೊಡುವ ಹೆಂಗಸು ಮಾವಶಿ. ನಾವೂ ಹಾಗೇ ಕರೆಯುವುದು.

ಅಕ್ಕನ ಊರು ಹಾವೇರಿ ಜಿಲ್ಲೆಯಲ್ಲಿದೆ. ಗಂಡ ಅದಿರು ಲಾರಿ ಓಡಿಸುತ್ತಿದ್ದ. 2012ರಲ್ಲಿ ಗಣಿ ನಿಂತಾಗ ಹೇಗೋ ತಡೆದುಕೊಂಡರು. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ ಮತ್ತೆ ನಿಂತಾಗ ಆತ ನೀರಿನ ಟ್ಯಾಂಕರ್ ಹಿಡಿದ, ಅಕ್ಕ ತಕ್ಕಡಿ ಹಿಡಿದರು. ಬೆಳಗಾವಿಯಿಂದ ರಾತ್ರಿ ಘಟ್ಟ ಇಳಿದು ಬರುವ ಲಾರಿಯ ಮೆಂತ್ಯ, ಸಬ್ಬಸಿಗೆ, ಹಸಿಮೆಣಸಿನಕಾಯಿ ಅವರ ಬದುಕು. ಮಳೆಗಾಲದಲ್ಲಿ ಸೊಪ್ಪು ಬೇಗ ಕೊಳೆಯುತ್ತದೆ, ಗಿರಾಕಿ ಕೊಡೆ ಬಿಚ್ಚಿಕೊಂಡು ನಿಲ್ಲಲಾರ. ಆ ಎರಡು ತಿಂಗಳು ಕೈ ಒಣಗಿರುತ್ತದೆ. ಅಣಬೆ ಬರುವುದು ಆಗಲೇ.

ಗೋವಾದಲ್ಲಿ ಅದಕ್ಕೆ ಬೆಲೆ ಬರಲು ರುಚಿಯೊಂದೇ ಕಾರಣವಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನಿಲ್ಲದ ತಾಟಿನ ಮುಂದೆ ಇಲ್ಲಿಯವರು ಮುಖ ಸಣ್ಣದು ಮಾಡಿ ಕೂರುತ್ತಾರೆ. ಒಣಮೀನು ಎಷ್ಟು ದಿನ? ಅದು ಮುಗಿಯುವಷ್ಟರಲ್ಲಿ ಶ್ರಾವಣ, ಮಾಂಸ ಬಿಡುವ ಮನೆಗಳಲ್ಲಿ ಶಾಗೋತಿಯ, ಅಂದರೆ ಇಲ್ಲಿಯ ಮಾಂಸದ ಸಾರಿನ, ಮಸಾಲೆಗೆ ಹಾಕಲು ಬೇರೇನೂ ಇಲ್ಲ. ಹುರಿದ ಕೊಬ್ಬರಿ, ಗಸಗಸೆ, ಮೆಣಸಿನಲ್ಲಿ ಬೆಂದ ಹುತ್ತದ ಅಣಬೆ ಕೋಳಿಯನ್ನೇ ಮರೆಸುತ್ತದೆ. ನನ್ನ ನಗು ನಿಂತದ್ದು ಒಬ್ಬ ಗೋವಾ ಸಹೋದ್ಯೋಗಿಯ ಮನೆಯಲ್ಲಿ ಅದನ್ನು ಉಂಡ ದಿನ.

ಮಾವಶಿಯ ಕಾಡು

ಮಾವಶಿಯ ಹಳ್ಳಿ ಧಾರಬಾಂದೋಡಾ ತಾಲ್ಲೂಕಿನಲ್ಲಿ, ಭಗವಾನ್ ಮಹಾವೀರ ಅಭಯಾರಣ್ಯದ ಅಂಚಿನಲ್ಲಿದೆ. ಅವರು ಗಾವಡಾ ಸಮುದಾಯದವರು. ಗಾವಡಾ, ಕುಣಬಿ, ವೇಳಿಪ ಸಮುದಾಯಗಳು ಗೋವಾದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಕಾಡಿನೊಂದಿಗಿನ ಅವರ ನಂಟು ಪಟ್ಟಿಗಿಂತ ಬಹಳ ಹಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಕವಳಿ ಹಣ್ಣು, ಮುಳ್ಳುಗಂಟಿಯ ಬಿಳಿ ಚುನ್ನಾಂ, ಮುರುಗಲು (ಕೋಕಂ). ಮಳೆ ಹಿಡಿಯುವ ಮುಂಚೆ ನೇರಳೆ. ಮಳೆ ಹಿಡಿದ ಮೇಲೆ ಅಣಬೆ, ಎಳೆ ಕಳಲೆ, ತಾಯಿಕಿಳೆ ಸೊಪ್ಪು. ವರ್ಷದ ಪಂಚಾಂಗವೇ ಬುಟ್ಟಿಯಲ್ಲಿ.

ಹುತ್ತಕ್ಕೆ ಕೊಂಕಣಿಯಲ್ಲಿ ರೊಂಯ್. ಅದರ ಮೇಲೆ ಏಳುವುದು ರೊಂಯ್ಣಿ ಅಳ್ಮಿಂ. ಅದೇ ಹುತ್ತ ಇಲ್ಲಿ ಸಾಂತೇರಿ ದೇವಿ. ಎಷ್ಟೋ ಹಳ್ಳಿಗಳ ಗುಡಿಯಲ್ಲಿ ಮೂರ್ತಿಯ ಜಾಗದಲ್ಲಿರುವುದು ಮಣ್ಣಿನ ಹುತ್ತ. ಪಂಚಮಿಗೆ ಹುತ್ತಕ್ಕೆ ಹಾಲೆರೆದು ಬೆಳೆದ ಅಕ್ಕನಿಗೆ ಇದನ್ನು ಯಾರೂ ವಿವರಿಸಬೇಕಾಗಲಿಲ್ಲ. "ಅವರದು ದೇವಿ, ನಮ್ಮದು ನಾಗಪ್ಪ. ಹುತ್ತ ಒಂದ ಅಲ್ರಿ?" ಎಂದು ಒಂದು ದಿನ ಬದನೆಕಾಯಿ ತೂಗುತ್ತಾ ಹೇಳಿದರು.

ಮಾವಶಿ ಮನೆಯಿಂದ ಸೊಸೆ, ಮೊಮ್ಮಗನ ಜೊತೆ ಬೆಳಗಿನ ನಾಲ್ಕಕ್ಕೆ ಹೊರಡುತ್ತಾರೆ. ಟಾರ್ಚು, ಗೋಣಿ ಕೊಪ್ಪೆ, ಜಿಗಣೆಗೆ ಉಪ್ಪು. ಯಾವ ಹುತ್ತ ಯಾವ ಮಳೆಗೆ ಏಳುತ್ತದೆ ಎಂಬುದು ಅವರ ತಲೆಯಲ್ಲಿದೆ. ಒಂದು ಹುತ್ತದ ಸುತ್ತ ನೂರೈವತ್ತು, ಇನ್ನೂರು ಒಂದೇ ದಿನ ಮೇಲೇಳಬಹುದು. ಆದರೆ ಎದ್ದ ಮರುದಿನಕ್ಕೆ ಕೊಡೆ ಹರಡಿ, ಮೂರನೆಯ ದಿನಕ್ಕೆ ಹುಳ ಬಿದ್ದು ಕರಗುತ್ತವೆ. ಕಿತ್ತದ್ದನ್ನು ಸಾಗವಾನಿ ಎಲೆಯಲ್ಲಿ ಕಟ್ಟಿ, ಮೊದಲ ಕದಂಬ (ಸರ್ಕಾರಿ) ಬಸ್ಸಿಗೆ ಫೋಂಡಾ ತಲುಪಬೇಕು. ಇಲ್ಲಿ ತೂಕದ ಮಾತಿಲ್ಲ, ಎಣಿಕೆ. ನೂರಕ್ಕೆ ಇಷ್ಟು ಎಂದು ಬೆಲೆ.

ಈ ಅಣಬೆಯನ್ನು ಬೆಳೆಯಲು ಯಾಕಾಗದು ಎಂದು ನನ್ನಂಥ ಪೇಟೆಯವರು ಕೇಳುತ್ತೇವೆ. ಉತ್ತರ ಹುತ್ತದೊಳಗಿದೆ. ಈ ಅಣಬೆಗಳ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರು, 1942ರಲ್ಲಿ ಫ್ರಾನ್ಸಿನ ರೋಜರ್ ಹೈಮ್ ಇಟ್ಟದ್ದು. ಗೆದ್ದಲುಗಳು ಅರೆದು ನುಂಗಿದ ಒಣ ಎಲೆ, ಕಟ್ಟಿಗೆಯನ್ನು ಹಿಕ್ಕೆಯಾಗಿ ಹಾಕಿ, ಸ್ಪಂಜಿನಂಥ ಗೂಡು ಕಟ್ಟುತ್ತವೆ. ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸುತ್ತವೆ. ಕಟ್ಟಿಗೆಯ ಗಟ್ಟಿ ಅಂಶವನ್ನು ಅದು ಕರಗಿಸಿಕೊಡುತ್ತದೆ, ಗೆದ್ದಲು ಅದನ್ನು ಉಣ್ಣುತ್ತದೆ. ರೈತನೂ ಬೆಳೆಯೂ ಒಬ್ಬರನ್ನೊಬ್ಬರು ಬಿಟ್ಟು ಬದುಕುವುದಿಲ್ಲ. ಚಿಪ್ಪು ಅಣಬೆಯ ಹಾಗೆ ಭತ್ತದ ಹುಲ್ಲು ತುಂಬಿದ ಚೀಲದಲ್ಲಿ ಇದನ್ನು ಎಬ್ಬಿಸಲು ಬರುವುದಿಲ್ಲ. ಆದ್ದರಿಂದ ಬೆಳಿಗ್ಗೆ ನಾಲ್ಕಕ್ಕೆ ಏಳುವವರು ಬೇಕೇ ಬೇಕು.

ಒಂದು ಚೀಲ ಅಣಬೆ ಮತ್ತು ಒಂದು ಬೆಳ್ಳಿ ನಾಣ್ಯ

ಜುಲೈ ಎರಡನೇ ವಾರ ನಡೆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ವ್ಯಾಪಾರದ ಲೆಕ್ಕಕ್ಕೆ ಅದು ಸೇರುವುದಿಲ್ಲವಾದರೂ. ಕಟ್ಟಡದ ಕೆಲಸಕ್ಕೆ ಬಂದ ನಮ್ಮ ಕಡೆಯ ಇಬ್ಬರು ಹುಡುಗರು ಒಂದು ಚೀಲ ತುಂಬ ಬಿಳಿ ಅಣಬೆ ತಂದು ಅಕ್ಕನ ಮುಂದೆ ಸುರಿದರು. ಯಾವುದೋ ದೊಡ್ಡ ಬಂಗಲೆಯ ಹುಲ್ಲುಹಾಸಿನಲ್ಲಿ ಎದ್ದಿದ್ದವಂತೆ. ನೂರಕ್ಕೆ ಇನ್ನೂರು ಕೊಟ್ಟರೂ ಸಾಕು ಎಂದರು.

ಅಕ್ಕ ಒಂದನ್ನೆತ್ತಿ ದಂಟು ನೋಡಿದರು. ದಂಟಿನ ನಡುವೆ ಬಳೆಯಂಥ ಉಂಗುರ. ಬುಡ ದುಂಡಗೆ ಮುಗಿದಿತ್ತು, ಬೇರಿನ ಹಾಗೆ ಮಣ್ಣಿಗೆ ಇಳಿದಿರಲಿಲ್ಲ. ಕೊಡೆಯನ್ನು ತಿರುವಿದರೆ ಕೆಳಗಿನ ಎಳೆಗಳಿಗೆ ಹಸಿರು ಛಾಯೆ. "ಇದು ಹುತ್ತದ್ದಲ್ಲ" ಎಂದು ಪಕ್ಕಕ್ಕೆ ಸರಿಸಿದರು.

"ಬೆಳ್ಳಿ ರೂಪಾಯಿ ಹಾಕಿ ಕುದಿಸಿ ನೋಡೀವಿ ಅಕ್ಕಾ, ಕಪ್ಪಾಗಲಿಲ್ಲ."

"ರೂಪಾಯಿ ಕಪ್ಪಾಗಲಿಕ್ಕಿಲ್ಲಪ್ಪಾ, ತಿಂದವರು ಆಗ್ತಾರ."

ಹುಡುಗರು ಗೊಣಗಿದರು. ಊರವರಾಗಿ ನಮ್ಮ ಹೊಟ್ಟೆಯ ಮೇಲೆ ಹೊಡೆಯುತ್ತೀರಾ ಎಂದರು. ಅಕ್ಕ ಇಬ್ಬರಿಗೂ ಚಹಾ ಕುಡಿಸಿ, ಚೀಲವನ್ನು ತಾವೇ ಕಸದ ಗಾಡಿಗೆ ಹಾಕಿಸಿದರು. ಅವರು ತಂದದ್ದು ಹಸಿರು ಬೀಜಕಣದ ಕ್ಲೋರೋಫಿಲ್ಲಮ್ ಎಂದು ನಾನು ಊಹಿಸುತ್ತೇನೆ. ಹುಲ್ಲುಹಾಸಿನಲ್ಲಿ ಏಳುವ, ನೋಡಲು ಚೆಂದದ, ತಿಂದ ಕೆಲವೇ ಗಂಟೆಗಳಲ್ಲಿ ವಾಂತಿ ಭೇದಿ ಹಿಡಿಸುವ ಜಾತಿ ಅದು. ಇನ್ನೂ ಕೆಟ್ಟವೂ ಇವೆ. ಅಮಾನಿಟಾ ಕುಲದ ಕೆಲವು ಅಣಬೆಗಳ ವಿಷ ಕುದಿಸಿದರೂ ಹೋಗುವುದಿಲ್ಲ, ಆರು ಗಂಟೆಗೂ ಹೆಚ್ಚು ಹೊತ್ತು ಏನೂ ತೋರಿಸದೆ ಸುಮ್ಮನಿದ್ದು ಆಮೇಲೆ ಪಿತ್ತಜನಕಾಂಗವನ್ನು ತಿನ್ನುತ್ತದೆ. ಬೆಳ್ಳಿ, ಬೆಳ್ಳುಳ್ಳಿ, ಅಕ್ಕಿಕಾಳು, ಯಾವುದರ ಪರೀಕ್ಷೆಯೂ ಇವನ್ನು ಹಿಡಿಯಲಾರದು. ಅಕ್ಕನ ಪರೀಕ್ಷೆ ಬೇರೆ: ನೆತ್ತಿಯ ಮೇಲೆ ಚೂಪು ಮೊನೆ, ಮಣ್ಣಿನೊಳಗೆ ಗೂಡಿನ ತನಕ ಇಳಿದ ಉದ್ದ ಬೇರುದಂಟು, ತಂದವರ ಮುಖಪರಿಚಯ. ಮೂರರಲ್ಲಿ ಒಂದು ತಪ್ಪಿದರೂ ಕೊಳ್ಳುವುದಿಲ್ಲ. ಮನೆಯಲ್ಲಿ ಓದಿ ಪ್ರಯೋಗ ಮಾಡುವವರಿಗೆ ಮೂರನೆಯದು ಇರುವುದಿಲ್ಲ. ಆದ್ದರಿಂದ ಇದನ್ನು ಓದಿ ಯಾರೂ ಕಾಡಿಗೆ ಹೋಗಬೇಡಿ.

19 ದಿನದ ಲೆಕ್ಕ

ಅಕ್ಕನ ಹತ್ತಿರ ಉದ್ದನೆಯ ನೋಟ್‌ಬುಕ್ಕಿದೆ. ಅಕ್ಷರ ಮಗಳದು, ಅಂಕಿ ಅಕ್ಕನದು. 15,000ದಲ್ಲಿ 10,000ವನ್ನು ಎರಡು ಮನೆಗಳಿಗೆ ಐದೈದು ಸಾವಿರ ಇಸಾರ (ಮುಂಗಡ) ಕೊಟ್ಟರು: ಒಂದು ಮಾವಶಿಯ ಮನೆ, ಇನ್ನೊಂದು ಅದೇ ಹಳ್ಳಿಯ ಅವರ ಭಾವನ ಮನೆ. ಉಳಿದ 5,000 ದಿನದ ಖರೀದಿಗೆ. ಷರತ್ತು ಎರಡು. ನನಗೇ ಕೊಡಬೇಕು, ಹೆದ್ದಾರಿಯಲ್ಲಿ ಕೂತು ಮಾರಬಾರದು. ಮತ್ತೆ, ಮೊಗ್ಗೇ ತರಬೇಕು.

ಮೊಗ್ಗು ಎಂದರೆ ಕೊಡೆ ಬಿಚ್ಚದ ಅಣಬೆ, ಕೊಂಕಣಿಯಲ್ಲಿ ಕಳೊ. ಅದು ಗಟ್ಟಿ, ಬಸ್ಸಿನಲ್ಲಿ ಮುರಿಯುವುದಿಲ್ಲ, ಸಂಜೆಯ ತನಕ ತಾಳುತ್ತದೆ, ಪಣಜಿಯಿಂದ ಕಾರಿನಲ್ಲಿ ಬರುವ ಗಿರಾಕಿ ಅದನ್ನೇ ಕೇಳುತ್ತಾನೆ. ಬಿಚ್ಚಿದ್ದಕ್ಕೆ ಮೊಗ್ಗಿನ ಅರ್ಧ ಬೆಲೆ, ಮಧ್ಯಾಹ್ನ ದಾಟಿದರೆ ಅದೂ ಇಲ್ಲ.

ಮೊದಲ 6 ದಿನ ಮಾಲು ಕಡಿಮೆ, ದಿನಕ್ಕೆ 200. ನೂರಕ್ಕೆ 900ರಂತೆ ಕೊಂಡು ಸರಾಸರಿ 1,400ಕ್ಕೆ ಮಾರಿದರು. ನಡುವಿನ 9 ದಿನ ದಿನಕ್ಕೆ 400 ಬಂತು. ಕೊಂಡದ್ದು 500ಕ್ಕೆ, ಮಾರಿದ್ದು 750ಕ್ಕೆ. ಕೊನೆಯ 4 ದಿನ ದಿನಕ್ಕೆ 250, ಕೊಂಡದ್ದು 400ಕ್ಕೆ, ಮಾರಿದ್ದು 520ಕ್ಕೆ. ಒಟ್ಟು ಖರೀದಿ 32,800 ರೂಪಾಯಿ. ಮಾರಾಟ 49,000 ಆಗಬೇಕಿತ್ತು, 46,000 ಆಯಿತು.

ಆ ಮೂರು ಸಾವಿರ ಒಂದೇ ದಿನ ಹೋದದ್ದು. ಅವತ್ತು ಬಸ್ಸು ತಪ್ಪಿ ಮಾಲು ಒಂದು ಟೆಂಪೋದಲ್ಲಿ ಬರುತ್ತಿತ್ತು. ಒಂದು ನಾಕಾದಲ್ಲಿ ತಡೆದರು. ಎಲ್ಲಿ ಕಿತ್ತದ್ದು ಎಂದು ಕೇಳಿದರು. ಅಭಯಾರಣ್ಯದ ಒಳಗಿನಿಂದ ಏನನ್ನೂ ಪರವಾನಗಿ ಇಲ್ಲದೆ ಹೊರಗೆ ತರುವಂತಿಲ್ಲ, 1972ರ ವನ್ಯಜೀವಿ ಕಾಯ್ದೆಯ 29ನೇ ಕಲಮು ಅದನ್ನೇ ಹೇಳುತ್ತದೆ. ಹುತ್ತ ಗಡಿಯ ಒಳಗಿತ್ತೋ ಹೊರಗಿತ್ತೋ ಎಂದು ಟೆಂಪೋದ ಹುಡುಗನಿಗೆ ಏನು ಗೊತ್ತು? 400 ಅಣಬೆ ಅಲ್ಲೇ ಉಳಿಯಿತು. ತಡೆದವನದು ತಪ್ಪು ಎಂದು ನಾನು ಹೇಳಲಾರೆ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡಿನಲ್ಲಿ ಬದುಕುವವರಿಗೆ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸಿ ಮಾರುವ ಹಕ್ಕು ಕೊಟ್ಟಿದೆ. ಆದರೆ ಹಕ್ಕು ಮಂಜೂರಾದ ಕಾಗದ ಕೈಯಲ್ಲಿರಬೇಕು, ಮಾವಶಿಯ ಮನೆಯಲ್ಲಿ ಅದಿಲ್ಲ. ಇನ್ನೊಂದು ತಮಾಷೆ: ಆ ಕಾಯ್ದೆಯ ವ್ಯಾಖ್ಯೆಯಲ್ಲಿರುವುದು ಸಸ್ಯಮೂಲದ ಉತ್ಪನ್ನ. ಜೀವಶಾಸ್ತ್ರದ ಪ್ರಕಾರ ಅಣಬೆ ಸಸ್ಯವೇ ಅಲ್ಲ, ಅದರದು ಬೇರೆಯೇ ಸಾಮ್ರಾಜ್ಯ. ನಾಕಾದಲ್ಲಿ ನಿಂತು ಈ ವಾದ ಮಾಡುವ ಧೈರ್ಯ ಯಾರಿಗಿದೆ?

ಮುಂದಕ್ಕೆ ಹೋಗೋಣ. 46,000ದಲ್ಲಿ 32,800 ಕಳೆದರೆ 13,200. ಸೋಪೊ (ಮಾರ್ಕೆಟ್ಟಿನ ಜಾಗದ ಸುಂಕ), ಟೆಂಪೋ, ಎಲೆ, ಚಹಾ ಸೇರಿ ದಿನಕ್ಕೆ 120ರಂತೆ 2,280. ಎರಡು ತಿಂಗಳ ಬಡ್ಡಿ 600. ಅಕ್ಕನಿಗೆ ಉಳಿದದ್ದು 10,320 ರೂಪಾಯಿ. ದಿನಕ್ಕೆ ಸುಮಾರು 543. ತರಕಾರಿಯ ಪಕ್ಕದಲ್ಲೇ ಇಟ್ಟು ಮಾರಿದ್ದರಿಂದ ಇದು ಮೇಲಿನ ಗಳಿಕೆ. ಮಗಳ ಪಿಯುಸಿ ಫೀ ಅದರಿಂದಲೇ ಹೋಯಿತು.

ದಲ್ಲಾಳಿ ತಿಂದುಹಾಕುತ್ತಾನೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ನಾನೂ ಹಾಗೇ ಅಂದುಕೊಂಡು ಮಾವಶಿಯ ಕಡೆಯ ಲೆಕ್ಕ ಹಾಕಿದೆ. 32,800 ಎರಡು ಮನೆಗೆ ಸಮ ಹಂಚಿಕೆಯಾದರೆ ಮನೆಗೆ 16,400, ದಿನಕ್ಕೆ 863. ನೋಡಲು ಅಕ್ಕನಿಗಿಂತ ಹೆಚ್ಚು. ಆದರೆ ಅದು ಮೂವರ ದುಡಿಮೆ: ತಲೆಗೆ 288 ರೂಪಾಯಿ. ಕತ್ತಲೆ, ಜಿಗಣೆ, ಹಾವು, ಜ್ವರ ಎಲ್ಲ ಅವರ ಪಾಲು. ಅಕ್ಕ ಮೋಸ ಮಾಡಿಲ್ಲ. ಹಾಗಾದರೆ ನಷ್ಟವಾಗುತ್ತಿದ್ದುದು ಎಲ್ಲಿ?

ಮೂರನೆಯ ವಾರ

ಅದು ಕಂಡದ್ದು ಜುಲೈ ಮೂರನೆಯ ವಾರದ ಒಂದು ಬೆಳಿಗ್ಗೆ. ರಜೆ ಇತ್ತು, ನಾನು ಅಕ್ಕನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೆ. ಆ ದಿನ ಮಾವಶಿಯ ಬದಲು ಸೊಸೆ ಬಂದಳು. ಎಲೆ ಬಿಚ್ಚಿದರೆ ಹೆಬ್ಬೆರಳ ತುದಿಯಷ್ಟೇ ಇರುವ ಅಣಬೆಗಳು. ಕೆಲವಕ್ಕೆ ಮಣ್ಣಿನ ಜೊತೆ ಕಂದು ಬಣ್ಣದ, ತೂತುತೂತಾದ ಸ್ಪಂಜಿನ ಚೂರು ಅಂಟಿತ್ತು. ಅದರಲ್ಲಿ ಇನ್ನೂ ಓಡಾಡುವ ಗೆದ್ದಲು.

ಅದು ಗೆದ್ದಲಿನ ತೋಟ. ಅಣಬೆ ನೆಲದ ಮೇಲೆ ಏಳುವ ಮುಂಚೆಯೇ ಹಾರೆ ಹಾಕಿ ಅಗೆದಿದ್ದರು.

ಅಕ್ಕ ಏನೂ ಅನ್ನದೆ ಎಣಿಸಿದರು. 180. ಸೊಸೆ ಹೋದ ಮೇಲೆ ನನ್ನ ಕಡೆ ನೋಡದೆ, "ಮಾವಶಿ ಕೈಲೆ ಹಿಂಗ ಆಗೂದಿಲ್ರಿ" ಎಂದರು. ನಿಜ, ಮಾವಶಿಯದು ಬೇರೆ ರೀತಿ. ಕೈಯಿಂದ ತಿರುವಿ ಕೀಳುತ್ತಾರೆ, ಕಬ್ಬಿಣ ತಾಗಿಸುವುದಿಲ್ಲ, ಪ್ರತಿ ಹುತ್ತದಲ್ಲಿ ಹತ್ತಿಪ್ಪತ್ತು ಬಿಟ್ಟು ಕುಳಿಗೆ ತರಗೆಲೆ ಮುಚ್ಚಿ ಬರುತ್ತಾರೆ.

ಮರುದಿನ ಮಾವಶಿ ಬಂದಾಗ ಅಕ್ಕ ಕೇಳಿದರು. ನನಗೆ ಅರ್ಧಂಬರ್ಧ ತಿಳಿಯುವ ಕೊಂಕಣಿಯಲ್ಲಿ ಮಾತು ನಡೆಯಿತು. ಮಾವಶಿ ಹೇಳಿದ್ದರ ಸಾರ ಹೀಗೆ: ಇಸಾರದಲ್ಲಿ ಇನ್ನೂ ಎರಡು ಸಾವಿರ ಬಾಕಿ ಇದೆ. ಈ ತಿಂಗಳು ದಾಟಿದರೆ ಅಳ್ಮಿಂ ಮುಗಿಯಿತು. ನೀನು ಕೇಳುವುದು ಕಳೊ. ಇವತ್ತು ಕಳೊ ಕಂಡ ಹುತ್ತವನ್ನು ಬಿಟ್ಟು ಬಂದರೆ, "ಫಾಲ್ಯಾಂ ದುಸ್ರೊ ವ್ಹರ್ತಲೊ." ನಾಳೆ ಇನ್ನೊಬ್ಬ ಒಯ್ಯುತ್ತಾನೆ.

ಆಗ ನನಗೆ ಹೊಳೆಯಿತು. ಹಾರೆ ಹಿಡಿದದ್ದು ಸೊಸೆಯ ಕೈ. ಆ ಕೈಗೆ ಹಾರೆ ಕೊಟ್ಟದ್ದು ಅಕ್ಕನ ಇಸಾರ. ಅಕ್ಕನ ಹಿಂದೆ ಆಗಸ್ಟ್ 31ರ ಗಡುವು. ಅದನ್ನು ನೀಲಿ ಪೆನ್ನಿನಲ್ಲಿ ಬರೆದು ಕೆಳಗೆ ಗೆರೆ ಎಳೆದವನು ನಾನು. ನಾಲ್ಕು ವಾರ ಮಾತ್ರ ಬರುವ ಮಾಲಿನ ಮೇಲೆ ಸಾಲ ಕೊಟ್ಟು, ಅದೇ ನಾಲ್ಕು ವಾರದ ದುಡಿಮೆಯಿಂದ ತೀರಿಸಿ ಎಂದರೆ ಅವರು ಅಣಬೆ ಬಿಚ್ಚಲು ಕಾಯುತ್ತಾರೆಯೇ?

ಮೊಗ್ಗು ಕಿತ್ತರೆ ಏನಾಗುತ್ತದೆ ಎಂಬುದರಲ್ಲಿ ಎರಡು ಮಾತಿದೆ, ಎರಡೂ ನಿಜ. "ಅಜ್ಜಿ ಕಾಲದಿಂದ ಕೀಳುತ್ತಿದ್ದೇವೆ, ಪ್ರತಿ ವರ್ಷ ಬರುತ್ತದೆ" ಎನ್ನುತ್ತಾರೆ ಹಳ್ಳಿಯವರು. ಸರಿಯೇ. ಶಿಲೀಂಧ್ರದ ದೇಹ ಇರುವುದು ನೆಲದೊಳಗಿನ ಗೂಡಿನಲ್ಲಿ. ಮೇಲೆ ಬಂದ ಅಣಬೆ ಅದರ ಹಣ್ಣು. ಹಣ್ಣು ಕಿತ್ತರೆ ಆ ಹುತ್ತ ಸಾಯದು. ಆದರೆ ಹೊಸ ಹುತ್ತದ ಕತೆ ಬೇರೆ. ಮಳೆ ಬಿದ್ದಾಗ ದೀಪಕ್ಕೆ ಮುತ್ತುವ ರೆಕ್ಕೆಯ ಗೆದ್ದಲುಗಳು ಜೋಡಿಯಾಗಿ ನೆಲಕ್ಕಿಳಿದು ಹೊಸ ಮನೆ ಹೂಡುತ್ತವಷ್ಟೆ? ಈ ಗುಂಪಿನ ಹೆಚ್ಚಿನ ಗೆದ್ದಲುಗಳು ತವರಿನಿಂದ ಶಿಲೀಂಧ್ರವನ್ನು ಕಟ್ಟಿಕೊಂಡು ಬರುವುದಿಲ್ಲ. ಅವುಗಳ ಮೊದಲ ಸಂತಾನದ ಕೆಲಸಗಾರರು ಹೊರಗೆ ಹೋಗಿ, ಬಿಚ್ಚಿದ ಅಣಬೆಗಳಿಂದ ಉದುರಿದ ಬೀಜಕಣವನ್ನು ಹೆಕ್ಕಿ ತರಬೇಕು. ಮೊಗ್ಗಿನಲ್ಲಿ ಬೀಜಕಣ ಉದುರುವುದಿಲ್ಲ. ಮೊಗ್ಗಾಗಿಯೇ ಎಲ್ಲವೂ ಪೇಟೆಗೆ ಬಂದರೆ ಹೊಸ ಹುತ್ತಕ್ಕೆ ಬಿತ್ತನೆ ಇಲ್ಲ. ಇದರ ಫಲ ಕಾಣುವುದು ಮುಂದಿನ ಆಷಾಢದಲ್ಲಲ್ಲ, ಹಳೆಯ ಹುತ್ತಗಳು ಮುದಿಯಾದ ಮೇಲೆ. ಹಾರೆ ಹಾಕಿದರಂತೂ ಇರುವ ತೋಟವೇ ಹಾಳು.

ಗೋವಾ ವಿಶ್ವವಿದ್ಯಾಲಯದಲ್ಲಿದ್ದ ಅಣಬೆ ತಜ್ಞ ನಂದಕುಮಾರ್ ಕಾಮತ್ ಅವರು ಹುತ್ತದ ಅಣಬೆಯನ್ನು ಉಳಿಸಿಕೊಳ್ಳಬೇಕೆಂದು ಬಹಳ ವರ್ಷಗಳಿಂದ ಹೇಳುತ್ತ ಬಂದಿದ್ದಾರೆ. ತಿನ್ನಬೇಡಿ, ಕೊಳ್ಳಬೇಡಿ ಎಂದು ಗಿರಾಕಿಗೆ ಹೇಳಬಹುದು. ಸಾಲ ಕೊಡುವವನಿಗೆ ಏನು ಹೇಳುವುದು? ನಾನು ಹುಡುಕಿದ್ದು ಅದನ್ನು.

ಮುರುಗಲಿನ ಮೇಲೆ ಇಟ್ಟ ಭರವಸೆ

2025ಕ್ಕೆ ನಾವು ಮಾಡಿದ ಯೋಜನೆ ಕಾಗದದ ಮೇಲೆ ಚೆನ್ನಾಗಿತ್ತು. ಇಸಾರವನ್ನು ಜುಲೈನಲ್ಲಿ ಕೊಡುವುದು ಬೇಡ, ಏಪ್ರಿಲ್‌ನಲ್ಲೇ ಕೊಡೋಣ. ತೀರುವಳಿ ಅಣಬೆಯಿಂದ ಬೇಡ, ಹಣ್ಣಿನಿಂದ ಆಗಲಿ. ಕವಳಿ, ಚುನ್ನಾಂ ಎಲೆಯ ದೊನ್ನೆಯಲ್ಲಿ ಮೇ ತಿಂಗಳಿಡೀ ಮಾರಾಟವಾಗುತ್ತವೆ. ಮುರುಗಲಿನ ಸಿಪ್ಪೆಗೆ ಅದರದೇ ರಸ, ಉಪ್ಪು ಹಚ್ಚಿ ಬಿಸಿಲಿಗೆ ಹಾಕಿದರೆ ಸೊಲಾಂ. ಅದು ವರ್ಷವಿಡೀ ಕೆಡದು, ಮೀನಿನ ಸಾರಿಗೆ ಗೋವಾದ ಮನೆ ಮನೆಗೆ ಬೇಕು. ಮಳೆ ಬರುವಷ್ಟರಲ್ಲಿ ಇಸಾರ ತೀರಿದ್ದರೆ ಅಣಬೆಯ ಮೇಲೆ ಸಾಲದ ಭಾರ ಇರುವುದಿಲ್ಲ. ಮೊಗ್ಗಿಗೂ ಬಿಚ್ಚಿದ್ದಕ್ಕೂ ಅಕ್ಕ ಒಂದೇ ಬೆಲೆ, ನೂರಕ್ಕೆ 600 ಕೊಡುತ್ತಾರೆ. ಹಾಗಾದರೆ ಮೊಗ್ಗು ಕೀಳಲು ಅವಸರ ಯಾಕೆ?

ಎರಡು ಮನೆಗೆ ಸೇರಿ 8,000 ಹೋಯಿತು. ಮೊದಲ ಮೂರು ವಾರ ಎಲ್ಲ ಸರಿಯಾಗಿ ನಡೆಯಿತು. ಕವಳಿ ಹಣ್ಣು ಕಂಡ ನಮ್ಮ ಕಡೆಯ ಹೆಂಗಸರು ಊರು ನೆನೆದು ಎರಡೆರಡು ದೊನ್ನೆ ಕೊಂಡರು. ಒಬ್ಬರು ಉಪ್ಪಿನಕಾಯಿಗೆಂದು ಕಾಯಿಯನ್ನೇ ಒಂದು ಚೀಲ ತರಿಸಿದರು.

ಆಮೇಲೆ ಮೇ ಮೂರನೆಯ ವಾರಕ್ಕೆ ಮಳೆ ಶುರುವಾಯಿತು. ಆ ವರ್ಷ ಮುಂಗಾರು ಕೇರಳಕ್ಕೆ ಮೇ 24ರಂದೇ ಬಂತು, 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಮೊದಲು. ಒಂದೆರಡು ದಿನದಲ್ಲಿ ಗೋವಾಕ್ಕೂ ಬಂತು. ಮಾವಶಿಯ ಅಂಗಳದಲ್ಲಿ ಅರ್ಧ ಒಣಗಿದ ಸೊಲಾಂ ಒಳಗೆ ಎತ್ತಿಟ್ಟಲ್ಲೇ ಬೂಷ್ಟು ಹಿಡಿಯಿತು. ಯಾರೂ ದುಡ್ಡು ಕೊಡದ ಶಿಲೀಂಧ್ರ. ಹಣ್ಣಿನಿಂದ ತೀರಿದ್ದು 3,000. ಬಾಕಿ 5,000, ಅದೂ ಸರಿಯಾಗಿ ಅಣಬೆಯ ಹೊಸ್ತಿಲಲ್ಲಿ. ಯಾವುದನ್ನು ತಪ್ಪಿಸಲು ಹೊರಟಿದ್ದೆವೋ ಅದೇ ಎದುರಿಗೆ ಬಂದು ನಿಂತಿತು.

ಸಂಘದ ಸಭೆಯಲ್ಲಿ ಜಗಳವೇ ಆಯಿತು. "ಅವರ ಹುತ್ತ ಉಳಸಾಕ ನಮ್ಮ ರೊಕ್ಕ ಯಾಕ ಬಿಡಬೇಕ್ರಿ? ನಮ್ಮ ಹೊಲ ಒಣಗಿದಾಗ ಯಾರು ಬಿಟ್ಟಾರ?" ಎಂದು ಒಬ್ಬರು ಕೇಳಿದರು. ಕೇಳುವ ಮಾತೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಕ್ಕನ ಹತ್ತಿರ ಇತ್ತು: "ಹುತ್ತ ಹೋದ್ರ ಮುಂದಿನ ವರ್ಷ ನಾ ಸಾಲ ಕೇಳೂದಿಲ್ಲ, ನಿಮಗ ಬಡ್ಡಿ ಬರೂದಿಲ್ಲ." ಎಲ್ಲರೂ ನಕ್ಕರು, ಜಗಳ ಇಳಿಯಿತು. ಬಾಕಿ 5,000ವನ್ನು ಮುಂದಿನ ವರ್ಷದ ಸೊಲಾಂನಲ್ಲೇ ಹಿಡಿಯುವುದು, ತಿಂಗಳಿನ 100 ರೂಪಾಯಿ ಬಡ್ಡಿಯಲ್ಲಿ 50 ಅಕ್ಕ ಕಟ್ಟುವುದು, 50 ಸಂಘ ಬಿಡುವುದು ಎಂದು ತೀರ್ಮಾನವಾಯಿತು. ಈ ಸಲ ನಾನು ಗಡುವಿನ ಕೆಳಗೆ ಗೆರೆ ಎಳೆಯಲಿಲ್ಲ.

ಆ ಮಳೆಗಾಲ ಅಕ್ಕ 17 ದಿನ ಅಣಬೆ ಮಾರಿದರು. ಉಳಿದದ್ದು 7,900 ರೂಪಾಯಿ, ಹಿಂದಿನ ವರ್ಷಕ್ಕಿಂತ 2,420 ಕಡಿಮೆ. 2024ರಲ್ಲಿ ನಾಲ್ಕರಲ್ಲಿ ಮೂರು ಪಾಲು ಮೊಗ್ಗಿತ್ತು, ಈ ಸಲ ಮೂರರಲ್ಲಿ ಒಂದು. ಬಿಚ್ಚಿದ ಅಣಬೆಯನ್ನು ಪಣಜಿಯ ಕಾರಿನವರು ಕಣ್ಣೆತ್ತಿ ನೋಡುವುದಿಲ್ಲ. ಅದನ್ನು ಕೊಂಡದ್ದು ಬಸ್ ಸ್ಟ್ಯಾಂಡಿನ ಹತ್ತಿರದ ನಮ್ಮವರ ಖಾನಾವಳಿ. ಈರುಳ್ಳಿ, ಒಣಮೆಣಸು, ಗುರೆಳ್ಳು ಪುಡಿ ಹಾಕಿ ಪಲ್ಯ, ಜೊತೆಗೆ ಜೋಳದ ರೊಟ್ಟಿ. ಲಾರಿ ಚಾಲಕರು ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಆದರೆ ಖಾನಾವಳಿಯವರು ದಿನಕ್ಕೆ ನೂರಕ್ಕಿಂತ ಹೆಚ್ಚು ತೆಗೆದುಕೊಳ್ಳಲಾರರು. ಜಡಿ ಹಿಡಿದ ಮೂರು ದಿನ ಬಿಚ್ಚಿದ್ದೆಲ್ಲ ಹುಳ ಬಿದ್ದು ಕಸಕ್ಕೆ ಹೋಯಿತು. ಸಮಬೆಲೆಯ ನಷ್ಟವನ್ನು ಹೊತ್ತವರು ಅಕ್ಕ ಒಬ್ಬರೇ. ಇದನ್ನು ಯಶಸ್ಸು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಮುಂದಿನ ಸಲಕ್ಕೆ ಆ ನಷ್ಟದಲ್ಲಿ ಸಂಘವೂ ಪಾಲು ಹೊರಬೇಕು ಎಂಬುದು ನನ್ನ ವಾದ. ಸಭೆ ಇನ್ನೂ ಒಪ್ಪಿಲ್ಲ.

ಪಂಚಮಿಯ ದಿನ, ಜುಲೈ 29ರಂದು, ಮಾವಶಿ ಮಾರಲು ಬಂದಿರಲಿಲ್ಲ. ಎಲೆಯಲ್ಲಿ ಕಟ್ಟಿದ ನಲವತ್ತು ಮೊಗ್ಗು ಅಕ್ಕನ ಮನೆಗೆಂದು ಕೊಟ್ಟು ಹೋದರು. ಆದರೆ ಅಕ್ಕನ ಮನೆಯಲ್ಲಿ ಪಂಚಮಿಗೆ ಹಂಚು ಇಡುವುದಿಲ್ಲ, ಈಳಿಗೆ ಮುಟ್ಟುವುದಿಲ್ಲ. ಉಂಡಿ, ಅಳ್ಳು, ನೆನೆಸಿದ ಕಡಲೆ, ಅಷ್ಟೇ. ಎಲೆಯ ಕಟ್ಟು ಮೂಲೆಯಲ್ಲಿ ಉಳಿಯಿತು. ಮರುದಿನ ಬೆಳಿಗ್ಗೆ ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ತಾವೇ ಕೊಡೆ ಅರಳಿಸಿಕೊಂಡು ಕೂತಿದ್ದವು, ಸಾಗವಾನಿ ಎಲೆಯ ಮೇಲೆ ತಿಳಿ ಗುಲಾಬಿ ಬಣ್ಣದ ಹುಡಿ ಉದುರಿತ್ತು. ಅಕ್ಕ ಆ ಎಲೆಯನ್ನು ಹಾಗೇ ಮಡಿಚಿ ಮಾವಶಿಯ ಕೈಗೆ ವಾಪಸ್ ಕೊಟ್ಟು, ಹುತ್ತದ ಹತ್ತಿರ ಜಾಡಿಸಲು ಹೇಳಿದರಂತೆ. ಅಣಬೆಯ ಪಲ್ಯದಲ್ಲಿ ನನಗೂ ಒಂದು ಡಬ್ಬಿ ಬಂತು. ಉಪ್ಪು ತುಸು ಮುಂದಾಗಿತ್ತು.